ಮಾಕಳಿ ಬೇರಿನ ವಾಸನೆ ಎಷ್ಟಕ್ಕೆ ಪುರಾವೆ?

ಮಾಕಳಿ ಬೇರಿನ ಉಪ್ಪಿನಕಾಯಿಯ ಜಾಡಿ ತೆರೆದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುವುದು ಹಳೇ ಮೈಸೂರು ಸೀಮೆಯವರಿಗೆ ಹೊಸದಲ್ಲ. ಕೆಲವರಿಗೆ ಅದು ಮೊಸರನ್ನದ ಜೊತೆಗೆ ಬೇರೇನೂ ಬೇಡವೆನ್ನಿಸುವ ಘಮ. ಇನ್ನು ಕೆಲವರಿಗೆ ತಿಗಣೆ ಹೊಸಕಿದಂಥ ವಾಸನೆ. ಈ ಎರಡೂ ಪಕ್ಷದವರ ಮೂಗಿಗೆ ಮುಖ್ಯವಾಗಿ ತಾಗುವುದು ಒಂದೇ ಅಣು: 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಐಸ್‌ಕ್ರೀಮಿನ ವೆನಿಲಿನ್‌ನಲ್ಲಿರುವಂತೆಯೇ ಇದರಲ್ಲಿಯೂ 8 ಕಾರ್ಬನ್, 8 ಹೈಡ್ರೋಜನ್, 3 ಆಮ್ಲಜನಕದ ಪರಮಾಣುಗಳಿವೆ. ಅವುಗಳ ಜೋಡಣೆ ಮಾತ್ರ ಬೇರೆ. ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಎಂಬ ಶಾಸ್ತ್ರೀಯ ಹೆಸರಿನ ಈ ಬಳ್ಳಿ ದಕ್ಷಿಣ ಭಾರತದ ಒಣಕಾಡುಗಳ ಕಲ್ಲುಗುಡ್ಡಗಳಲ್ಲಿ ಬೆಳೆಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಕೇಂದ್ರವಾದ ಸಿಎಫ್‌ಟಿಆರ್‌ಐ ಸಂಸ್ಥೆಯ ವಿಜ್ಞಾನಿಗಳು ಇದರ ಬೇರಿನ ಆವಿಶೀಲ ದ್ರವ್ಯಗಳನ್ನು, ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣವನ್ನು, ದಾಸ್ತಾನು ಕಾಳುಗಳಿಗೆ ಬೀಳುವ ಹುಳುಗಳನ್ನು ತಡೆಯುವ ಶಕ್ತಿಯನ್ನು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ.

ಮಾಕಳಿಯೊಂದೇ ಅಲ್ಲ, ನಮ್ಮ ವಿಶ್ವವಿದ್ಯಾಲಯಗಳ ಜೀವರಸಾಯನ, ಸಸ್ಯಶಾಸ್ತ್ರ, ಔಷಧವಿಜ್ಞಾನ ವಿಭಾಗಗಳಲ್ಲಿ ಬೇರಿನ ಸಾರ ತೆಗೆದು ಪರೀಕ್ಷಿಸುವುದು ಇಂದು ಪಿಎಚ್‌ಡಿ ಪ್ರಬಂಧದ ಅತಿ ಸಾಮಾನ್ಯ ಮಾದರಿಗಳಲ್ಲಿ ಒಂದು. ಆ ಪ್ರಬಂಧಗಳಿಂದ ಆಗಾಗ ಪತ್ರಿಕೆಗೆ ಸುದ್ದಿಯೂ ಬರುತ್ತದೆ: ಇಂಥ ಬೇರಿನಲ್ಲಿ ಕ್ಯಾನ್ಸರ್ ತಡೆಯುವ ಅಂಶ, ಅಂಥ ಬೇರಿನಲ್ಲಿ ಮಧುಮೇಹಕ್ಕೆ ಮದ್ದು. ಸುದ್ದಿ ಓದಿದವರು ಗ್ರಂಥಿಗೆ ಅಂಗಡಿಗೆ ಹೋಗಿ ಅದೇ ಹೆಸರಿನ ಪುಡಿ ಕೇಳುತ್ತಾರೆ. ಪ್ರಯೋಗಾಲಯದಲ್ಲಿ ನಡೆದದ್ದು ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಬೇರಿನಿಂದ ಔಷಧದವರೆಗಿನ ಸರಪಳಿಯಲ್ಲಿ ನಡುವಿನ ಕೊಂಡಿಗಳು, ಅಂದರೆ ಬೇರ್ಪಡಿಸುವ ಮತ್ತು ಅಣುರಚನೆ ಗುರುತಿಸುವ ಕೆಲಸ, ಯಂತ್ರಗಳ ಬಲದಿಂದ ಬಹಳ ಗಟ್ಟಿಯಾಗಿವೆ. ಎರಡು ತುದಿಗಳು ಮಾತ್ರ ಸಡಿಲವಾಗಿಯೇ ಉಳಿದಿವೆ. ಪರೀಕ್ಷೆಗೆ ತಂದದ್ದು ಯಾವ ಗಿಡದ ಬೇರು ಎನ್ನುವುದು ಒಂದು ತುದಿ. ಬೇರ್ಪಡಿಸಿದ ವಸ್ತು ಮನುಷ್ಯನ ದೇಹದಲ್ಲಿ ಏನು ಮಾಡುತ್ತದೆ ಎನ್ನುವುದು ಇನ್ನೊಂದು.

ಮೊದಲ ತುದಿಗೆ ಮಾಕಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆಯುರ್ವೇದದ ಸಾರಿವಾ ಎಂದರೆ ಸೊಗದೆ ಬೇರು, ನಾಮದ ಬೇರು ಎಂದೂ ಕರೆಯುವ ಹೆಮಿಡೆಸ್ಮಸ್ ಇಂಡಿಕಸ್. ಅದರ ಬೇರು ತಂತಿಯಂತೆ ತೆಳ್ಳಗೆ, ಗಟ್ಟಿಯಾಗಿ, ಕಂದುಗಪ್ಪು ಬಣ್ಣದಲ್ಲಿರುತ್ತದೆ. ಒಣಗಿದಾಗ ತೊಗಟೆ ಅಡ್ಡಡ್ಡ ಬಿರಿದು ಅಲ್ಲಲ್ಲಿ ಕಳಚಿಕೊಳ್ಳುತ್ತದೆ. ಮಾಕಳಿಯ ಬೇರು ಬೆರಳಿಗಿಂತ ದಪ್ಪವಾಗಿ, ಕಂದು ಸಿಪ್ಪೆಯೊಳಗೆ ಬೆಳ್ಳನೆಯ ತಿರುಳು ತುಂಬಿಕೊಂಡಿರುತ್ತದೆ; ಉಪ್ಪಿನಕಾಯಿ ಹಾಕುವವರು ಸಿಪ್ಪೆ ಹೆರೆದು, ಸೀಳಿ, ನಡುವಿನ ಕಟ್ಟಿಗೆಯಂಥ ನಾರನ್ನು ಎಸೆದು ತಿರುಳನ್ನಷ್ಟೇ ಹೆಚ್ಚುತ್ತಾರೆ. ಹಸಿಯಾಗಿ ಮುಂದಿಟ್ಟರೆ ಇವೆರಡನ್ನು ಯಾರೂ ಒಂದೆನ್ನಲಾರರು. ಆದರೆ ಮಾಕಳಿಯ ಸಣ್ಣ ಕವಲುಬೇರುಗಳನ್ನು ಒಣಗಿಸಿ, ತುಂಡು ಮಾಡಿ, ಮೂಟೆ ಕಟ್ಟಿದ ಮೇಲೆ ಕಣ್ಣಿಗೆ ಗುರುತು ಹತ್ತುವುದು ಕಷ್ಟ. ಪುಡಿಯಾದ ಮೇಲಂತೂ ಸೂಕ್ಷ್ಮದರ್ಶಕ ಬೇಕು. ಒಂದೇ ಗಿಡದಿಂದ ಹೆಚ್ಚು ತೂಕ ಸಿಗುವ ಮಾಕಳಿಯನ್ನು ಸೊಗದೆಯ ಬದಲಿಗೆ ಕೊಡುವುದು ಬೇರಿನ ವ್ಯಾಪಾರದಲ್ಲಿ ಹಳೆಯ ರೂಢಿ.

ಇಲ್ಲಿ ಮೂಗನ್ನು ನಂಬಿದರೂ ಕೆಲಸ ಕೆಡುತ್ತದೆ, ಯಂತ್ರವನ್ನು ನಂಬಿದರೂ ಕೆಡಬಹುದು. ಏಕೆಂದರೆ ಸೊಗದೆಯ ಪರಿಮಳಕ್ಕೂ ಅದೇ 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್ ಕಾರಣ. ಗುಣಮಟ್ಟದ ಪರೀಕ್ಷೆಯೆಂದು ಈ ಒಂದು ಅಣುವನ್ನು ಗುರುತುವಸ್ತುವಾಗಿಟ್ಟುಕೊಂಡು, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆದರೆ ಸೊಗದೆಯೂ ಪಾಸಾಗುತ್ತದೆ, ಮಾಕಳಿಯೂ ಪಾಸಾಗುತ್ತದೆ. ಸಮಸ್ಯೆ ಇಷ್ಟಕ್ಕೇ ನಿಂತಿದ್ದರೆ ಒಂದು ತಿನ್ನುವ ಬೇರಿನ ಜಾಗದಲ್ಲಿ ಇನ್ನೊಂದು ತಿನ್ನುವ ಬೇರು ಬಂತೆಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಳಕೆಯಲ್ಲಿರುವ ಪೆರಿಪ್ಲೋಕಾ ಸೇಪಿಯಂ ಎಂಬ ಗಿಡದ ಬೇರಿನ ತೊಗಟೆಯಲ್ಲಿಯೂ ಇದೇ ಪರಿಮಳದ ಅಣುವಿದೆ. ಮಾಕಳಿ, ಸೊಗದೆಗಳ ಹತ್ತಿರದ ಸಂಬಂಧಿಯಾದ ಆ ಗಿಡದಲ್ಲಿ ಅದರ ಜೊತೆಗೇ ಪೆರಿಪ್ಲೋಸಿನ್ ಎಂಬ ಗ್ಲೈಕೋಸೈಡ್ ಕೂಡ ಇದ್ದು, ಡಿಜಿಟಾಲಿಸ್ ಗುಂಪಿನ ವಸ್ತುಗಳಂತೆ ಅದು ಹೃದಯದ ಬಡಿತದ ಮೇಲೆಯೇ ಕೈಯಿಡುತ್ತದೆ. ಪ್ರಮಾಣ ಮೀರಿದರೆ ವಿಷ. ಪರಿಮಳ ಒಂದೇ, ಗುರುತುವಸ್ತು ಒಂದೇ, ಪರಿಣಾಮ ಮಾತ್ರ ಅಜಗಜಾಂತರ. ವರದಿಯಲ್ಲಿ ಗುರುತುವಸ್ತು ಇಷ್ಟು ಶೇಕಡಾ ಇದೆ ಎಂದಾಗ ತಿಳಿಯುವುದು ಆ ವಸ್ತು ಅಷ್ಟಿದೆ ಎನ್ನುವುದು ಮಾತ್ರ. ಬೇರು ಯಾವುದು, ಅದರಲ್ಲಿ ಇನ್ನೇನೇನಿದೆ ಎನ್ನುವುದು ಅದರಿಂದ ತಿಳಿಯುವುದಿಲ್ಲ.

ಇದು ಕೇವಲ ತರ್ಕದ ಭಯವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸಾಲಯವೊಂದಕ್ಕೆ ಹೋಗುತ್ತಿದ್ದ ಮಹಿಳೆಯರಲ್ಲಿ ಮೂತ್ರಪಿಂಡಗಳು ಒಂದೊಂದಾಗಿ ಕೈಕೊಡತೊಡಗಿದವು. ಅವರಿಗೆ ಕೊಡುತ್ತಿದ್ದ ಗುಳಿಗೆಗಳಲ್ಲಿ ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ ಬೇರು ಇರಬೇಕಿತ್ತು. ಚೀನೀ ವ್ಯಾಪಾರದಲ್ಲಿ ಎರಡಕ್ಕೂ ಫಾಂಗ್‌ಜಿ ಎಂಬ ಹೆಸರೇ ಇದ್ದುದರಿಂದ ಅದರ ಜಾಗಕ್ಕೆ ಅರಿಸ್ಟೊಲೋಕಿಯಾ ಫಾಂಗ್‌ಚಿಯ ಬೇರು ಬಂದು ಸೇರಿತ್ತು. 100ಕ್ಕೂ ಹೆಚ್ಚು ಜನರ ಮೂತ್ರಪಿಂಡಗಳಿಗೆ ಹಾನಿಯಾಯಿತು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಕಂಡುಬಂತು. ತಪ್ಪು ನಡೆದದ್ದು ಪ್ರಯೋಗಾಲಯದಲ್ಲಿ ಅಲ್ಲ, ಮೂಟೆಯಲ್ಲಿ. ಅರಿಸ್ಟೊಲೋಕಿಯಾ ನಮಗೂ ದೂರದ ಗಿಡವಲ್ಲ: ಹಾವು ಕಚ್ಚಿದರೆ ಅರೆದು ಕುಡಿಸುವ, ಮನೆಯ ಬಾಗಿಲಿಗೆ ಕಟ್ಟುವ ಈಶ್ವರಿ ಬೇರು ಅದೇ ಕುಲದ ಅರಿಸ್ಟೊಲೋಕಿಯಾ ಇಂಡಿಕಾ. ಅದರಲ್ಲಿಯೂ ಅರಿಸ್ಟೊಲೋಕಿಕ್ ಆಮ್ಲವಿದೆ, ಆ ಆಮ್ಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ವರ್ಗದಲ್ಲಿಟ್ಟಿದೆ. ಬಾಗಿಲಿಗೆ ಕಟ್ಟುವುದರಿಂದ ಯಾರಿಗೂ ಏನೂ ಆಗುವುದಿಲ್ಲ; ಕುಡಿಸುವುದು ಬೇರೆ ಮಾತು.

ಹಾಗಾಗಿಯೇ ಗಂಭೀರ ಸಂಶೋಧನೆಯ ಮೊದಲ ಪುಟದಲ್ಲಿ ನೋಡಬೇಕಾದದ್ದು ಅಣುರಚನೆಯ ಚಿತ್ರವಲ್ಲ, ಮಾದರಿ ಸಸ್ಯದ ಸಂಖ್ಯೆ. ಬೇರು ಅಗೆದ ಗಿಡದ ಎಲೆ, ಹೂವು, ಸಾಧ್ಯವಾದರೆ ಕಾಯಿ ಸಮೇತದ ರೆಂಬೆಯನ್ನು ಒತ್ತಿ ಒಣಗಿಸಿ, ಎಲ್ಲಿ ಯಾವಾಗ ಸಂಗ್ರಹಿಸಿದ್ದೆಂದು ಬರೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಸಸ್ಯಸಂಗ್ರಹಾಲಯವೊಂದರಲ್ಲಿ ಇಟ್ಟಿದ್ದರೆ, ಇಪ್ಪತ್ತು ವರ್ಷದ ಮೇಲೆ ಅನುಮಾನ ಬಂದವರೂ ಹೋಗಿ ನೋಡಬಹುದು. ಇಂಥ ದಾಖಲೆಯಿಲ್ಲದೆ, ಬೇರನ್ನು ಸ್ಥಳೀಯ ಮಾರುಕಟ್ಟೆಯಿಂದ ಕೊಂಡು ವಿಭಾಗದ ಸಸ್ಯಶಾಸ್ತ್ರಜ್ಞರಿಂದ ಗುರುತಿಸಲಾಯಿತು ಎಂಬ ಒಂದು ಸಾಲಿನಲ್ಲಿ ಮುಗಿಸುವ ಪ್ರಬಂಧಗಳು ಕಡಿಮೆಯಿಲ್ಲ. ಆ ಒಂದು ಸಾಲಿನ ಮೇಲೆ ಆಮೇಲಿನ ಎಲ್ಲ ಪುಟಗಳೂ ನಿಂತಿರುತ್ತವೆ.

ಬೇರು ಯಾವುದೆಂದು ಖಚಿತವಾದ ಮೇಲಿನ ಕೆಲಸ ರಸಾಯನಶಾಸ್ತ್ರದ್ದು, ಅದನ್ನು ನೋಡುವುದೇ ಒಂದು ಸೊಗಸು. ಮಾಕಳಿಯ ವಿಷಯದಲ್ಲಿ ಪ್ರಕೃತಿಯೇ ಅರ್ಧ ಕೆಲಸ ಮಾಡಿಕೊಟ್ಟಿದೆ. ವೆನಿಲಿನ್‌ನಲ್ಲಿ ಹೈಡ್ರಾಕ್ಸಿ ಗುಂಪು ಆಲ್ಡಿಹೈಡ್ ಗುಂಪಿನಿಂದ ದೂರದಲ್ಲಿದೆ; ಮಾಕಳಿಯ ಅಣುವಿನಲ್ಲಿ ಎರಡೂ ಪಕ್ಕಪಕ್ಕದಲ್ಲಿದ್ದು ಅಣುವಿನ ಒಳಗೇ ಒಂದರ ಕೈಯನ್ನು ಇನ್ನೊಂದು ಹಿಡಿದುಕೊಳ್ಳುತ್ತವೆ. ಹೀಗೆ ಒಳಗಿನ ಬಂಧದಲ್ಲೇ ತೃಪ್ತವಾದ ಅಣು ನೆರೆಯ ಅಣುಗಳಿಗೆ ಅಷ್ಟಾಗಿ ಅಂಟಿಕೊಳ್ಳುವುದಿಲ್ಲ. ವೆನಿಲಿನ್ ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕಾದರೆ ಇದಕ್ಕೆ 42ರ ಆಸುಪಾಸು ಸಾಕು. ನೀರಿನ ಹಬೆ ಹಾಯಿಸಿದರೆ ಅದರ ಜೊತೆಗೇ ಎದ್ದು ಬಂದು, ತಣ್ಣಗಾದಾಗ ಬಿಳಿ ಹರಳಾಗುತ್ತದೆ. ಜಾಡಿಯ ಮುಚ್ಚಳ ತೆಗೆದೊಡನೆ ವಾಸನೆ ಮನೆಯೆಲ್ಲ ತುಂಬುವುದಕ್ಕೂ ಕಾರಣ ಇದೇ.

ಎಲ್ಲ ಬೇರುಗಳೂ ಇಷ್ಟು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಸಾಮಾನ್ಯವಾಗಿ ಒಣಪುಡಿಯನ್ನು ಮೊದಲು ಹೆಕ್ಸೇನ್‌ನಂಥ ಜಿಡ್ಡು ಕರಗಿಸುವ ದ್ರಾವಕದಲ್ಲಿ, ಆಮೇಲೆ ಈಥೈಲ್ ಅಸಿಟೇಟ್, ಮೆಥನಾಲ್, ಕೊನೆಗೆ ನೀರಿನಲ್ಲಿ ನೆನೆಸಿ ಅಥವಾ ಕುದಿಸಿ, ಒಂದೊಂದರಲ್ಲಿ ಕರಗುವುದನ್ನು ಬೇರೆ ಬೇರೆಯಾಗಿ ಹಿಡಿಯುತ್ತಾರೆ. ಬಂದ ಕಂದು ಅಂಟನ್ನು ಸಿಲಿಕಾ ತುಂಬಿದ ಗಾಜಿನ ಕೊಳವೆಯ ಮೇಲ್ಭಾಗಕ್ಕೆ ಹಾಕಿ ಮೇಲಿಂದ ದ್ರಾವಕ ಸುರಿಯುತ್ತಾ ಹೋದರೆ ಸಿಲಿಕಾಕ್ಕೆ ಕಡಿಮೆ ಅಂಟುವ ವಸ್ತು ಮೊದಲು, ಹೆಚ್ಚು ಅಂಟುವುದು ತಡವಾಗಿ ಕೆಳಗಿಳಿಯುತ್ತದೆ. ಸಾಲುಸಾಲು ಪರೀಕ್ಷಾನಳಿಕೆಗಳಲ್ಲಿ ಹಿಡಿದದ್ದರಲ್ಲಿ ಯಾವುದು ಶುದ್ಧ, ಯಾವುದು ಕಲಬೆರಕೆ ಎಂದು ತಿಳಿಯಲು ಸಿಲಿಕಾ ಬಳಿದ ಸಣ್ಣ ಅಲ್ಯೂಮಿನಿಯಂ ಹಾಳೆಯ ಬುಡದಲ್ಲಿ ಪೆನ್ಸಿಲ್ ಗೆರೆ ಎಳೆದು, ಕೂದಲೆಳೆಯಂಥ ಗಾಜಿನ ಕೊಳವೆಯಿಂದ ಚುಕ್ಕಿಯಿಟ್ಟು, ದ್ರಾವಕದಲ್ಲಿ ನಿಲ್ಲಿಸುತ್ತಾರೆ. ದ್ರಾವಕ ಮೇಲೇರಿದ ಮೇಲೆ ಹಾಳೆಯನ್ನು ಒಣಗಿಸಿ 254 ನ್ಯಾನೋಮೀಟರ್ ನೇರಳಾತೀತ ದೀಪದಡಿ ಹಿಡಿದರೆ ಹಸಿರಾಗಿ ಹೊಳೆಯುವ ಹಿನ್ನೆಲೆಯಲ್ಲಿ ಕಪ್ಪು ಚುಕ್ಕಿಗಳು ಕಾಣುತ್ತವೆ. ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲದ ದ್ರಾವಣ ಸಿಂಪಡಿಸಿ ಬಿಸಿ ಮಾಡಿದರೆ ಅಲ್ಲಿಯವರೆಗೂ ಅಡಗಿದ್ದ ಚುಕ್ಕಿಗಳು ನೇರಳೆ, ಗುಲಾಬಿ ಬಣ್ಣಗಳಲ್ಲಿ ಏಳುತ್ತವೆ. ಒಂದೇ ಚುಕ್ಕಿ ಬಂದ ನಳಿಕೆಯಲ್ಲಿರುವುದು ಅಣುರಚನೆ ತಿಳಿಸುವ ಎನ್‌ಎಂಆರ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಗಳಿಗೆ ಹೋಗುತ್ತದೆ. ಮೊದಲಿಗೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಅಣುರಚನೆಯ ನಿರ್ಣಯ ಈಗ ದಿನಗಳ ಕೆಲಸ.

ಈ ಹಂತದಲ್ಲಿ ಒಂದು ಎಡವಟ್ಟು ಮಾತ್ರ ಮತ್ತೆ ಮತ್ತೆ ಆಗುತ್ತದೆ: ಚೆನ್ನಾಗಿ ಹರಳಾಗುವ ವಸ್ತುವೇ ಬೇರಿನ ಗುಣಕ್ಕೆ ಕಾರಣವೆಂದು ಭಾವಿಸುವುದು. ಸರ್ಪಗಂಧದ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಸಂಗಡಿಗರೊಂದಿಗೆ ಆ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಹರಳಾಗಿ ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಈ ಬೇರು ಉನ್ಮಾದ ಮತ್ತು ರಕ್ತದೊತ್ತಡವನ್ನು ತಗ್ಗಿಸುತ್ತದೆಂದು ವರದಿ ಮಾಡಿದ್ದರು. ಆದರೆ ಬೇರಿನ ಪುಡಿ ತರುತ್ತಿದ್ದ ಮಂಪರನ್ನು ಆ ಸುಂದರ ಹರಳುಗಳು ತರಲಿಲ್ಲ. ಹರಳು ತೆಗೆದ ಮೇಲೆ ಉಳಿಯುತ್ತಿದ್ದ, ಯಾರಿಗೂ ಬೇಡವಾದ ರಾಳದಂಥ ಅಂಟಿನಲ್ಲಿ ಆ ಗುಣ ಉಳಿದುಕೊಂಡಿದೆ ಎಂಬುದು 1940ರ ದಶಕದಲ್ಲಿ ಭಾರತೀಯ ಸಂಶೋಧಕರಿಗೇ ಹೊಳೆಯಿತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಮ್ಯುಲರ್, ಶ್ಲಿಟ್ಲರ್ ಮತ್ತು ಬೈನ್ ಆ ಅಂಟಿನ ಬೆನ್ನುಹತ್ತಿ, ಪ್ರತಿ ಭಾಗವನ್ನೂ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾ, ಗುಣ ಎಲ್ಲಿ ಹೋಯಿತೋ ಅಲ್ಲಿಗೆ ತಾವೂ ಹೋಗುತ್ತಾ, 1952ರಲ್ಲಿ ರಿಸರ್ಪಿನ್ ಬೇರ್ಪಡಿಸಿದರು. ಸಿದ್ದೀಕಿಯವರ ದುಡಿಮೆಯೂ ವ್ಯರ್ಥವಾಗಲಿಲ್ಲ. ಅಜ್ಮಲೀನ್ ಮುಂದೆ ಹೃದಯದ ಲಯಕ್ಕೆ ಸಂಬಂಧಿಸಿದ ಬ್ರುಗಾಡಾ ಕಾಯಿಲೆಯನ್ನು ಪತ್ತೆಹಚ್ಚಲು ಬಳಕೆಗೆ ಬಂತು. ಇಂದಿನ ಪ್ರಬಂಧಗಳಲ್ಲಿ ಹಲವು ಗುಣದ ಬೆನ್ನುಹತ್ತುವ ಈ ಎರಡನೆಯ ದಾರಿಯನ್ನು ಹೆಸರಿಗಷ್ಟೇ ಹಿಡಿಯುತ್ತವೆ: ಸಾರವನ್ನು ಒಮ್ಮೆ ಪರೀಕ್ಷಿಸಿ, ಸುಲಭವಾಗಿ ಸಿಕ್ಕ ಸಂಯುಕ್ತವನ್ನು ಬೇರ್ಪಡಿಸಿ, ಸಾರದ ಗುಣವನ್ನು ಅದರ ಲೆಕ್ಕಕ್ಕೆ ಬರೆದುಬಿಡುತ್ತವೆ. ಬೇರ್ಪಡಿಸಿದ ವಸ್ತುವನ್ನು ಮತ್ತೆ ಪರೀಕ್ಷಿಸಿ, ಅದು ಸಾರದಲ್ಲಿರುವ ಪ್ರಮಾಣದಲ್ಲಿಯೇ ಸಾರದಷ್ಟೇ ಕೆಲಸ ಮಾಡುತ್ತದೆಯೇ ಎಂದು ಲೆಕ್ಕ ಹೊಂದಿಸಿದ ಪುಟ ಎಷ್ಟೋ ಕಡೆ ಇರುವುದೇ ಇಲ್ಲ.

ಇನ್ನು ಎರಡನೆಯ ತುದಿ. ಅತಿ ಹೆಚ್ಚು ನಡೆಯುವ ಪರೀಕ್ಷೆಯೆಂದರೆ ಡಿಪಿಪಿಎಚ್. ಗಾಢ ನೇರಳೆ ಬಣ್ಣದ ಆ ದ್ರಾವಣಕ್ಕೆ ಬೇರಿನ ಸಾರ ಬೆರೆಸಿದರೆ ಬಣ್ಣ ಹಳದಿಗೆ ತಿರುಗುತ್ತದೆ. ಎಷ್ಟು ಬಣ್ಣ ಇಳಿಯಿತೆಂದು 517 ನ್ಯಾನೋಮೀಟರ್‌ನಲ್ಲಿ ಅಳೆದು ಉತ್ಕರ್ಷಣ ನಿರೋಧಕ ಶಕ್ತಿ ಇಷ್ಟೆಂದು ಬರೆಯುತ್ತಾರೆ. ಖರ್ಚು ಕಡಿಮೆ, ಅರ್ಧ ಗಂಟೆಯ ಕೆಲಸ. ಆದರೆ ಚಹಾ, ಕಾಫಿ, ಹುಣಸೆ ತೊಗಟೆ, ಫೀನಾಲ್ ಇರುವ ಏನನ್ನು ಹಾಕಿದರೂ ಆ ಬಣ್ಣ ಇಳಿಯುತ್ತದೆ. ಗಾಜಿನ ನಳಿಕೆಯೊಳಗಿನ ಈ ಘಟನೆಗೂ ದೇಹದೊಳಗೆ ಕಾಯಿಲೆ ತಡೆಯುವುದಕ್ಕೂ ನಡುವೆ ಸೇತುವೆಯಿಲ್ಲ. ನನ್ನ ಅಭಿಪ್ರಾಯದಲ್ಲಿ ಡಿಪಿಪಿಎಚ್ ಒಂದರ ಮೇಲೆಯೇ ನಿಂತ ಔಷಧಗುಣದ ಪ್ರಬಂಧವನ್ನು ನಿಯತಕಾಲಿಕೆಗಳು ಸ್ವೀಕರಿಸುವುದನ್ನು ಎಂದೋ ನಿಲ್ಲಿಸಬೇಕಿತ್ತು.

ಕ್ಯಾನ್ಸರ್ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇರುವುದು ಎಂಟಿಟಿ ಪರೀಕ್ಷೆ. ಬದುಕಿರುವ ಜೀವಕೋಶಗಳು ಎಂಟಿಟಿ ಎಂಬ ಹಳದಿ ವಸ್ತುವನ್ನು ನೇರಳೆಯಾಗಿಸುತ್ತವೆ, ಸತ್ತವು ಆಗಿಸುವುದಿಲ್ಲ. ಬಣ್ಣ ಕಡಿಮೆಯಾದಷ್ಟೂ ಕೋಶಗಳು ಹೆಚ್ಚು ಸತ್ತವೆಂದು ಲೆಕ್ಕ. ತೊಡಕೆಂದರೆ, ಉತ್ಕರ್ಷಣ ನಿರೋಧಕ ವಸ್ತುಗಳಲ್ಲಿ ಕೆಲವು ಕೋಶದ ನೆರವಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಯಾಗಿಸಬಲ್ಲವು. ಇದಕ್ಕಿಂತ ದೊಡ್ಡ ತೊಡಕು ಪ್ರಮಾಣದ್ದು. ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸಾಂದ್ರತೆಯಲ್ಲಿ ಅರ್ಧದಷ್ಟು ಕೋಶಗಳು ಸತ್ತವು ಎಂಬ ಫಲಿತಾಂಶ ಇಂಥ ಪ್ರಬಂಧಗಳಲ್ಲಿ ಅಪರೂಪವಲ್ಲ. ಇದನ್ನು 60 ಕಿಲೋ ತೂಕದ ಒಬ್ಬ ಮನುಷ್ಯನಿಗೆ ಅನ್ವಯಿಸಿ ನೋಡೋಣ. ಆತನ ದೇಹದಲ್ಲಿರುವ ನೀರು ಸುಮಾರು 36 ಲೀಟರ್. ಅಷ್ಟರಲ್ಲಿಯೂ ಲೀಟರಿಗೆ 100 ಮಿಲಿಗ್ರಾಂ ಇರಬೇಕಾದರೆ 3.6 ಗ್ರಾಂ ಶುದ್ಧ ಸಂಯುಕ್ತ ಬೇಕು. ಒಣಬೇರಿನ ತೂಕದಲ್ಲಿ ಆ ಸಂಯುಕ್ತ ಶೇ 0.1ರಷ್ಟಿದೆ ಎಂದಿಟ್ಟುಕೊಂಡರೆ 3.6 ಕಿಲೋ ಒಣಬೇರು. ಅದೂ ಕರುಳು ಎಲ್ಲವನ್ನೂ ಹೀರಿಕೊಂಡು, ಯಕೃತ್ತು ಏನನ್ನೂ ಒಡೆಯದೆ ಬಿಟ್ಟರೆ. ಮಾಕಳಿಯ ಅಣುವಿನಂಥ ಆಲ್ಡಿಹೈಡ್‌ಗಳನ್ನು ಆಮ್ಲವಾಗಿ ಬದಲಿಸಿ ಹೊರಹಾಕುವುದು ಯಕೃತ್ತಿನ ನಿತ್ಯದ ಕಸುಬು.

ಇದರ ಪಕ್ಕದಲ್ಲಿ ರಿಸರ್ಪಿನ್ ಇಟ್ಟು ನೋಡಬೇಕು. ರಕ್ತದೊತ್ತಡಕ್ಕೆ ಅದನ್ನು ಕೊಡುತ್ತಿದ್ದದ್ದು ದಿನಕ್ಕೆ 0.1ರಿಂದ 0.25 ಮಿಲಿಗ್ರಾಂ. ಮೇಲಿನ 3.6 ಗ್ರಾಂ ಅದರ ಹದಿನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಗ್ರಾಂ ಲೆಕ್ಕದಲ್ಲಿ ನುಂಗುವ ಔಷಧಗಳೂ ಇವೆ, ಪ್ಯಾರಾಸಿಟಮಾಲ್ ಅದಕ್ಕೆ ಸಾಕ್ಷಿ. ಆದರೆ ನಿರ್ದಿಷ್ಟ ಗುರಿಗೆ ಹೋಗಿ ತಾಗುವ ವಸ್ತು ಎಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡಬಲ್ಲದೆಂಬುದಕ್ಕೆ ರಿಸರ್ಪಿನ್ ಒಂದು ಅಳತೆಗೋಲು. ಅದೂ ಪ್ರಯೋಗಾಲಯದಿಂದ ನೇರ ಅಂಗಡಿಗೆ ಬಂದದ್ದಲ್ಲ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳಲ್ಲಿ ಸರ್ಪಗಂಧದ ಪರಿಣಾಮವನ್ನು ದಾಖಲಿಸಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ್ದರು, ಶುದ್ಧ ಸಂಯುಕ್ತ ಸಿಗುವುದಕ್ಕೂ ಮೂರು ವರ್ಷ ಮೊದಲು. ಮನುಷ್ಯರಲ್ಲಿನ ಅನುಭವ ಮೊದಲು ಬಂದು ಅಣು ಆಮೇಲೆ ಬಂದ ಕಥೆ ಇದು. ನಮ್ಮ ಇಂದಿನ ಸುದ್ದಿಗಳಲ್ಲಿ ಅಣು ಮೊದಲು ಬರುತ್ತದೆ, ಮನುಷ್ಯರು ಬರುವುದೇ ಇಲ್ಲ. ವ್ಯಾಪಕ ಬಳಕೆಗೆ ಬಂದ ಮೇಲೆ ರಿಸರ್ಪಿನ್ ಕೆಲವರಲ್ಲಿ ಖಿನ್ನತೆ ತರುತ್ತದೆಂಬ ವರದಿಗಳು ಬಂದವು, ಹೊಸ ಔಷಧಗಳು ಅದನ್ನು ಹಿಂದಕ್ಕೆ ಸರಿಸಿದವು. ಗಿಡದಿಂದ ಬಂದದ್ದೆಂಬ ಕಾರಣಕ್ಕೆ ಅದಕ್ಕೆ ಯಾವ ರಿಯಾಯಿತಿಯೂ ಸಿಗಲಿಲ್ಲ.

ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡಿದಂತೆ ಕಂಡರೂ ಮೋಸ ಹೋಗುವ ಸಾಧ್ಯತೆಯಿದೆ. ಕೆಲವು ಅಣುಗಳು ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು, ತಾವೇ ಬೆಳಕು ಸೂಸಿ, ಲೋಹಗಳನ್ನು ಹಿಡಿದು, ಯಾವ ಪರೀಕ್ಷೆಗೆ ಹಾಕಿದರೂ ಗುಣವಿದೆ ಎಂಬ ಉತ್ತರವನ್ನೇ ಕೊಡುತ್ತವೆ. ಇಂಥ ಅಣುಭಾಗಗಳ ಪಟ್ಟಿಯೊಂದನ್ನು 2010ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಪ್ರಕಟಿಸಿದರು. ಅರಿಸಿನದ ಕರ್ಕ್ಯುಮಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅರಿಸಿನ ಬೇರಲ್ಲ, ನೆಲದೊಳಗಿನ ಕಾಂಡ ಎಂಬುದು ಸಸ್ಯಶಾಸ್ತ್ರದ ತಕರಾರು. ವಿಷಯಕ್ಕೆ ಅದರಿಂದ ಬಾಧೆಯಿಲ್ಲ. 120ಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳ ನಂತರವೂ ಕರ್ಕ್ಯುಮಿನ್ ಪರವಾಗಿ ಯಶಸ್ವಿಯಾದ, ರೋಗಿಗೂ ವೈದ್ಯರಿಗೂ ಗುಟ್ಟಾಗಿಟ್ಟು ಹುಸಿಮಾತ್ರೆಯೊಂದಿಗೆ ಹೋಲಿಸಿದ ಒಂದು ಪ್ರಯೋಗವೂ ಇಲ್ಲವೆಂದು ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ 2017ರಲ್ಲಿ ಬಂದ ವಿಮರ್ಶೆ ಹೇಳಿತು. ಮಾಕಳಿಯ ಅಣುವೂ ಈ ಅನುಮಾನದಿಂದ ಹೊರಗಿಲ್ಲ. ಆಲ್ಡಿಹೈಡ್‌ನ ಪಕ್ಕದಲ್ಲೇ ಹೈಡ್ರಾಕ್ಸಿ ಇರುವ ಇಂಥ ರಚನೆ ಪ್ರೋಟೀನಿನ ಅಮೈನ್ ಗುಂಪುಗಳನ್ನು ಹಿಡಿದುಕೊಳ್ಳುವ ಸ್ವಭಾವದ್ದು. ಆ ಸ್ವಭಾವವನ್ನೇ ಪಳಗಿಸಿ ಹಿಮೋಗ್ಲೋಬಿನ್‌ನ ಒಂದು ನಿರ್ದಿಷ್ಟ ತುದಿಯನ್ನು ಮಾತ್ರ ಹಿಡಿಯುವಂತೆ ರೂಪಿಸಿದ ವೊಕ್ಸೆಲೊಟರ್ ಎಂಬ ಔಷಧಕ್ಕೆ ಕುಡಗೋಲು ಕಣ ರಕ್ತಹೀನತೆಗಾಗಿ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಸುರಕ್ಷತೆಯ ಪ್ರಶ್ನೆ ಎದ್ದು 2024ರಲ್ಲಿ ಫೈಜರ್ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಮಾಕಳಿಗೂ ಆ ಕಾಯಿಲೆಗೂ ನಂಟಿದೆಯೆಂದು ಇದರ ಅರ್ಥವಲ್ಲ. ಒಂದೇ ಬಗೆಯ ಅಂಟುವಿಕೆ ಎಲ್ಲಿ ನಿರ್ದಿಷ್ಟ, ಎಲ್ಲಿ ಬೇಕಾಬಿಟ್ಟಿ ಎಂದು ತಿಳಿಯಲು ಎಷ್ಟು ಕೆಲಸ ಬೇಕಾಯಿತು, ತಿಳಿದ ಮೇಲೂ ಎಷ್ಟು ಅಪಾಯ ಉಳಿಯಿತು ಎಂಬುದು ಇಲ್ಲಿ ಗಮನಿಸಬೇಕಾದದ್ದು.

ಭಾರತದ ಬೇರಿನಿಂದ ಈ ಇಡೀ ದಾರಿ ನಡೆದು ಮುಗಿಸಿದ್ದು ರಿಸರ್ಪಿನ್ ಒಂದೇ ಅಲ್ಲ. ಕರ್ನಾಟಕದಲ್ಲಿಯೂ ಬೆಳೆಯುವ ಮಾಕಂದಿ ಬೇರಿನಿಂದ, ಅಂದರೆ ಕೋಲಿಯಸ್ ಫೋರ್ಸ್ಕೋಲಿಯೈ ಎಂಬ ಗಿಡದಿಂದ, 1970ರ ದಶಕದಲ್ಲಿ ಮುಂಬಯಿಯ ಹೋಕ್ಸ್ಟ್ ಸಂಶೋಧನಾ ಕೇಂದ್ರ ಫೋರ್ಸ್ಕೋಲಿನ್ ಬೇರ್ಪಡಿಸಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದೇ ಬೇರಿನಿಂದ ಕೋಲಿಯೋನಾಲ್ ಎಂಬ ವಸ್ತುವನ್ನು ವರದಿ ಮಾಡಿತ್ತು. ಎರಡೂ ಒಂದೇ ಎಂದು ಖಚಿತವಾಗಲು ವರ್ಷಗಳೇ ಹಿಡಿದವು. ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಅದು ನೇರವಾಗಿ ಎಬ್ಬಿಸುತ್ತದೆಂದು 1981ರಲ್ಲಿ ತಿಳಿದ ಮೇಲೆ ಜಗತ್ತಿನ ಜೀವಕೋಶ ಪ್ರಯೋಗಾಲಯಗಳಲ್ಲೆಲ್ಲ ಅದು ದಿನಬಳಕೆಯ ಸಾಮಗ್ರಿಯಾಯಿತು. ನೀರಿನಲ್ಲಿ ಸರಿಯಾಗಿ ಕರಗದ ದೋಷ ಅದಕ್ಕಿತ್ತು. ಅದನ್ನು ರಾಸಾಯನಿಕವಾಗಿ ಮಾರ್ಪಡಿಸಿ ಕರಗುವಂತೆ ಮಾಡಿದ ರೂಪ ಹೃದಯ ವೈಫಲ್ಯದ ತುರ್ತು ಚಿಕಿತ್ಸೆಗೆ ಔಷಧವಾದದ್ದು ಜಪಾನಿನಲ್ಲಿ, 1999ರಲ್ಲಿ. ಭಾರತದ ಅಂಗಡಿಗಳಲ್ಲಿ ಅದೇ ಬೇರು ತೂಕ ಇಳಿಸುವ ಗುಳಿಗೆಯಾಗಿ ಸಿಗುತ್ತದೆ.

ಈ ವ್ಯತ್ಯಾಸಕ್ಕೆ ಕಾನೂನಿನಲ್ಲಿಯೂ ಕಾರಣವಿದೆ. ಒಂದೇ ಬೇರಿನ ಸಾರ ನಮ್ಮ ದೇಶದಲ್ಲಿ ಮೂರು ಬಾಗಿಲುಗಳಿಂದ ಮಾರುಕಟ್ಟೆಗೆ ಬರಬಹುದು. 2015ರಲ್ಲಿ ಔಷಧ ನಿಯಮಗಳಿಗೆ ಸೇರಿಸಿದ ಫೈಟೋಫಾರ್ಮಾಸ್ಯುಟಿಕಲ್ ಎಂಬ ವರ್ಗದಲ್ಲಿ ಬರಬೇಕಾದರೆ ಕನಿಷ್ಠ 4 ಸಂಯುಕ್ತಗಳನ್ನು ಗುರುತಿಸಿ ಅಳೆದ ಶುದ್ಧೀಕೃತ ಭಾಗವಾಗಿರಬೇಕು, ಸುರಕ್ಷತೆ ಮತ್ತು ಪರಿಣಾಮಗಳ ಚಿಕಿತ್ಸಾ ಪುರಾವೆ ಕೊಡಬೇಕು. ಶಾಸ್ತ್ರಗ್ರಂಥದಲ್ಲಿರುವ ಯೋಗವೆಂದು ಆಯುಷ್ ಪರವಾನಗಿ ಪಡೆದರೆ ಅಂಥ ಚಿಕಿತ್ಸಾ ಪ್ರಯೋಗ ಬೇಕಿಲ್ಲ. ಆಹಾರ ಪೂರಕವೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ಬಾಗಿಲಿಗೆ ಹೋದರೆ ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ, ಆದರೆ ಗುಣಪಡಿಸುತ್ತದೆಂದು ತೋರಿಸುವ ಕಷ್ಟವೂ ಇಲ್ಲ. ಕಷ್ಟದ ಬಾಗಿಲಿನಲ್ಲಿ ಸಾಲು ಚಿಕ್ಕದಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಸುಲಭದ ಬಾಗಿಲಿನಲ್ಲಿ ಏನಾಗುತ್ತದೆಂಬುದನ್ನು ಹಿರೇಮದ್ದು ಅಥವಾ ಅಶ್ವಗಂಧ ತೋರಿಸಿದೆ. ಸಾರದಲ್ಲಿ ವಿಥನೊಲೈಡ್ ಎಂಬ ಸಂಯುಕ್ತಗಳು ಒಟ್ಟು ಇಷ್ಟು ಶೇಕಡಾ ಇರಬೇಕೆಂಬುದು ಅದರ ವ್ಯಾಪಾರದ ಅಳತೆ. ಎಲೆಯಲ್ಲಿಯೂ ವಿಥನೊಲೈಡ್‌ಗಳಿವೆ, ಎಲೆ ಅಗ್ಗ, ಬೇರಿನ ಸಾರಕ್ಕೆ ಎಲೆಯ ಸಾರ ಬೆರೆಸಿದರೆ ಒಟ್ಟು ಲೆಕ್ಕ ಸರಿಹೋಗುತ್ತದೆ. ಆದರೆ ಎಲೆಯಲ್ಲಿ ಹೆಚ್ಚಿರುವ ವಿಥಫೆರಿನ್-ಎ ಜೀವಕೋಶಗಳಿಗೆ ವಿಷಕಾರಿ. 2021ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಎಲೆಯನ್ನು ಬಳಸಬಾರದೆಂದು ತಯಾರಕರಿಗೆ ಸಲಹೆ ನೀಡಬೇಕಾಗಿ ಬಂತು. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನೇ ನಿಷೇಧಿಸಿತು. ಡೆನ್ಮಾರ್ಕಿನ ಕ್ರಮ ಅತಿಯಾಯಿತೆಂದು ವಾದಿಸಲು ಅವಕಾಶವಿದೆ, ಆದರೆ ಆ ವಾದಕ್ಕೆ ಬೇಕಾದ ಆಧಾರ, ಅಂದರೆ ಪರೀಕ್ಷಿಸಿದ ಮಾಲು ಬರೀ ಬೇರಿನದೇ ಎಂಬ ಖಾತರಿ, ನಮ್ಮ ಕೈಯಲ್ಲಿ ಗಟ್ಟಿಯಾಗಿರಲಿಲ್ಲ.

ಬೇರಿನ ವಿಷಯದಲ್ಲಿ ಎಲೆ, ಹಣ್ಣುಗಳಿಗಿಲ್ಲದ ಇನ್ನೊಂದು ಬೆಲೆಯಿದೆ: ಬೇರು ಕಿತ್ತರೆ ಗಿಡ ಉಳಿಯುವುದಿಲ್ಲ. ರಿಸರ್ಪಿನ್ ಬೇಡಿಕೆಯ ದಿನಗಳಲ್ಲಿ ಕಾಡಿನ ಸರ್ಪಗಂಧ ಎಷ್ಟು ಬರಿದಾಯಿತೆಂದರೆ 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಡಿ ನಿಯಂತ್ರಿಸಲಾಗುತ್ತಿದೆ. ಮಾಕಳಿಯೂ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಪಾಯಕ್ಕೊಳಗಾದ ಪ್ರಭೇದ. ಇಲ್ಲಿ ರಸಾಯನಶಾಸ್ತ್ರದ ಒಂದು ಸೂಕ್ಷ್ಮ ಉಪಯೋಗಕ್ಕೆ ಬರಬಹುದು. ಅಣುವಿನ ಒಳಗೇ ಕೈಹಿಡಿದುಕೊಂಡ ಆ ಹೈಡ್ರಾಕ್ಸಿ ಗುಂಪು ಹೊರಗಿನ ಕ್ರಿಯೆಗೆ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಡೈಹೈಡ್ರಾಕ್ಸಿ ಬೆಂಜಾಲ್ಡಿಹೈಡ್ ಎಂಬ ಸಾಮಾನ್ಯ ರಾಸಾಯನಿಕಕ್ಕೆ ಬೇಕಾದ ಕಡೆಯಲ್ಲಿ ಮಾತ್ರ ಒಂದು ಮೀಥೈಲ್ ಗುಂಪು ಸೇರಿಸಿ ಮಾಕಳಿಯ ಪರಿಮಳವನ್ನು ಕಾರ್ಖಾನೆಯಲ್ಲೇ ತಯಾರಿಸಬಹುದು. ಬೇರಿನ ಗುಣವೆಲ್ಲ ಈ ಅಣುವಿನದೇ ಎಂದು ಪ್ರಬಂಧ ಬರೆಯುವವರು ಬೇರು ಅಗೆಯುವ ಅಗತ್ಯವನ್ನೇ ತಳ್ಳಿಹಾಕಿದಂತಾಯಿತು. ಉಪ್ಪಿನಕಾಯಿಯ ತಿರುಳನ್ನು ಮಾತ್ರ ಕಾರ್ಖಾನೆ ಮಾಡಿಕೊಡಲಾರದು. ಅದಕ್ಕೆ ಸಿಎಫ್‌ಟಿಆರ್‌ಐ ರೂಪಿಸಿರುವ ಅಂಗಾಂಶ ಕೃಷಿಯ ಸಸಿಗಳೂ ರೈತರ ಹೊಲವೂ ಬೇಕು.

ಹೊಲಕ್ಕೆ ಬಂದರೆ ಕಾನೂನಿನ ಹೊಸ ಪ್ರಶ್ನೆ ಎದುರಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಂದು 2024ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ, ಕೃಷಿ ಮಾಡಿದ ಔಷಧಿ ಸಸ್ಯಗಳಿಗೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸುವುದರಿಂದಲೂ ಲಾಭ ಹಂಚಿಕೆಯಿಂದಲೂ ವಿನಾಯಿತಿ ಕೊಟ್ಟಿದೆ. ಕಾಡಿನಿಂದ ತಂದದ್ದಕ್ಕೆ ಈ ವಿನಾಯಿತಿಯಿಲ್ಲ. ಬೆಳೆದದ್ದೆಂದು ತೋರಿಸಲು ಮೂಲದ ಪ್ರಮಾಣಪತ್ರ ಬೇಕು. ಗುಡ್ಡದ ಬಂಡೆಯ ಸಂದಿಯಿಂದ ಅಗೆದ ಮಾಕಳಿಯನ್ನೂ ಹೊಲದಲ್ಲಿ ಬೆಳೆದ ಮಾಕಳಿಯನ್ನೂ ಒಂದೇ ಮೂಟೆಯಲ್ಲಿ ಒಣಗಿಸಿಟ್ಟರೆ ಎರಡರಲ್ಲಿಯೂ ಅದೇ ಅಣು, ಅದೇ ಚುಕ್ಕಿ, ಎಚ್‌ಪಿಎಲ್‌ಸಿಯಲ್ಲಿ ಅದೇ ಜಾಗದಲ್ಲಿ ಏಳುವ ಅದೇ ಶಿಖರ. ಯಾವುದು ಎಲ್ಲಿಯದೆಂದು ಹೇಳಬಲ್ಲ ಸುಲಭದ ಪರೀಕ್ಷೆ ಮಾರುಕಟ್ಟೆಯ ಮಟ್ಟದಲ್ಲಿ ಇಲ್ಲದಿರುವಾಗ, ಪ್ರಮಾಣಪತ್ರದ ಬೆಲೆ ಅದಕ್ಕೆ ಸಹಿ ಹಾಕುವವರು ಹೊಲಕ್ಕೆ ಹೋಗಿ ನೋಡುತ್ತಾರೆಯೇ ಎಂಬುದರ ಮೇಲೆ ನಿಂತಿದೆ.